ಕಾಲಲ್ಲಿ ಬರೆದ ಅಕ್ಷರ

ಕಾಲಿನಿಂದ ಅಕ್ಷರ ಬರೆಯಬೇಕಂತೆ, ಅಕ್ಷರ! ಶನಿವಾರದ ಬೆಳಗಿನ ಚಳಿಯಲ್ಲಿ ಮಂಚದ ಅಂಚಿಗೆ ಕುಳಿತು, ಉಳುಕಿದ ಎಡಗಾಲನ್ನು ನೆಲದಿಂದ ಗೇಣೆತ್ತರಕ್ಕೆ ಎತ್ತಿ ಹಿಡಿದುಕೊಂಡು, ಕೌಸರ ತನ್ನ ಹೆಬ್ಬೆರಳನ್ನೇ ದಿಟ್ಟಿಸುತ್ತಿದ್ದಳು. ಗದಗಿನಲ್ಲಿ ಫಿಜಿಯೋಥೆರಪಿ ಮಾಡುವ ವಾಣಿಶ್ರೀ ಹೇಳಿಕೊಟ್ಟದ್ದು ಬಹಳ ಸರಳವಾಗಿಯೇ ಇತ್ತು. "ಹೆಬ್ಬಟ್ಟು ಅಂದ್ರ ಪೆನ್ಸಿಲ್ ಅಂತ ತಿಳ್ಕೊರಿ ಟೀಚರ್. ಮೊಣಕಾಲ ಅಲಗಾಡಬಾರದು, ಬರೇ ಪಾದದ ಕೀಲು ತಿರುಗಬೇಕು. ಗಾಳಿಯೊಳಗ ಅ ಬರೀರಿ, ಆ ಬರೀರಿ, ಪೂರಾ ವರ್ಣಮಾಲಿ ಬರೀರಿ. ಜಗ್ಗಿದಂಗಾದ್ರ ನಡೀತೈತಿ, ಚುಚ್ಚಿದಂಗಾದ್ರ ಅಲ್ಲೇ ನಿಲ್ಲಸ್ರಿ." ಹೇಳುವವಳಿಗೇನು! ಇದೇ ವಾಣಿಶ್ರೀಗೆ ಮಾಗಡಿಯ ಶಾಲೆಯಲ್ಲಿ ಕೈ ಹಿಡಿದು ಅ ತಿದ್ದಿಸಿದವಳು ಕೌಸರ. ಪಾಟಿಗೆ ಕಾಲು ತಗುಲಿದರೆ ಎರಡೂ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ಅವಳಿಗೆ ಮಾತ್ರವಲ್ಲ, ಅವಳ ಹಿಂದೆ ಮುಂದೆ ಬಂದ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟವಳೂ ಅವಳೇ. ಮನೆಯಲ್ಲಂತೂ ಅತ್ತೆ ರಮಜಾನಬಿ ಶೇಂಗಾ ಕಟ್ಟಿಕೊಟ್ಟ ಪೇಪರಿನ ಚೂರು ಬಿದ್ದರೂ ತುಳಿಯಲು ಬಿಡುತ್ತಿರಲಿಲ್ಲ. ಆಕೆಗೆ ಓದು ಬರುತ್ತಿರಲಿಲ್ಲ, ನಮಾಜಿನ ಮಾತುಗಳನ್ನೆಲ್ಲ ಕಿವಿಯಿಂದಲೇ ಕಲಿತವಳು. "ಅದರಾಗ ಯಾರ ಹೆಸರು ಬರದಾರೋ ನನಗೇನ ಗೊತ್ತು?" ಎಂದು ಬಗ್ಗಿ ಎತ್ತಿ ಗೋಡೆಯ ಮಾಡಿನಲ್ಲಿ ಇಡುತ್ತಿದ್ದಳು. ಅಂಥ ಮನೆಯಲ್ಲಿ ಕುಳಿತು ಕಾಲಿನಿಂದ ಅ ಬರೆಯುವುದೆಂದರೆ! ಕೌಸರ ಸುಮ್ಮನೆ ಬೀಸುವ ಕಲ್ಲಿನ ಹಾಗೆ ಪಾದವನ್ನು ಒಂದಷ್ಟು ಸಲ ಗರಗರ ತಿರುಗಿಸಿ ಕೆಳಗಿಳಿಸಿದಳು. ದಿನವೂ ಹೀಗೇ ಮಾಡುತ್ತಿದ್ದಳು. ವಾಣಿಶ್ರೀ ಕೇಳಿದರೆ, "ಬರೀತೀನವಾ, ದಿನಾ ಬರೀತೀನಿ" ಎಂದು ಕಣ್ಣು ತಪ್ಪಿಸುತ್ತಿದ್ದಳು.

ಕೀಲಿಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ. ಹಿಂದಿನ ಸಲ ಗದಗಿಗೆ ಹೋದಾಗ ವಾಣಿಶ್ರೀ ಪಾದವನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒಳಕ್ಕೆ ಹೊರಕ್ಕೆ ತಿರುಗಿಸಿದಳು. ತುಕ್ಕು ತಿಂದ ಬಾಗಿಲ ಹಾಗೆ ಅದು ಅರ್ಧಕ್ಕೇ ನಿಂತಿತು. "ಹೋಂವರ್ಕ್ ಮಾಡಿಲ್ಲ ನೀವು," ಎಂದಳು ಹುಡುಗಿ, ಸಿಟ್ಟಿನಿಂದಲ್ಲ, ಒಂದನೇ ಇಯತ್ತೆಯಲ್ಲಿ ಕೌಸರಳೇ ಹೇಳುತ್ತಿದ್ದ ಅದೇ ರಾಗದಲ್ಲಿ. ಪಕ್ಕದ ಹಾಸಿಗೆಯಲ್ಲಿ ಸೊಂಟಕ್ಕೆ ಶಾಖ ಕೊಡಿಸಿಕೊಳ್ಳುತ್ತಿದ್ದ ಗಂಡಸೊಬ್ಬ ಕಿಸಕ್ಕನೆ ನಕ್ಕ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ವಾಣಿಶ್ರೀ ದನಿ ತಗ್ಗಿಸಿ, "ನರ ಕೂಡೈತ್ರಿ, ಬಾವು ಇಳದೈತಿ. ಆದ್ರ ಈಗ ತಿರುಗಸಲಿಲ್ಲಂದ್ರ ಈ ಕುಂಟ ನಡಗೀನ ಖಾಯಂ ಆಗತೈತಿ. ಅವಸರಾ ಮಾಡಿ ಜಿಗಿಯೂದೂ ತಪ್ಪು, ಹೆದರಿ ಹಿಡಕೊಂಡು ಕುಂಡ್ರೂದೂ ತಪ್ಪು" ಎಂದಳು. ಉಳಿದದ್ದನ್ನೆಲ್ಲ ಕೌಸರ ಚಾಚೂ ತಪ್ಪದೆ ಮಾಡುತ್ತಿದ್ದಳು. ಕಾಲ್ಬೆರಳಿನಿಂದ ಟವೆಲು ಜಗ್ಗುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಸಂಜೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡುವುದು. ಅಕ್ಷರ ಒಂದನ್ನು ಬಿಟ್ಟು. ಗಂಡ ನಿಜಾಮುದ್ದೀನ ಅರಿವೆ ಅಂಗಡಿಗೆ ಹೊರಡುತ್ತ ಉಪಾಯವನ್ನೂ ಹೇಳಿದ್ದ: "ಕನ್ನಡದ್ದು ಬರಿಯಾಕ ಮನಸ್ಸಿಲ್ಲಂದ್ರ ಎ ಬಿ ಸಿ ಡಿ ಬರಿ. ಅದಕ್ಕ ಯಾರು ಕೇಳತಾರ?" ಒಂದು ದಿನ ಬರೆದೂ ನೋಡಿದಳು. ಎ, ಇ, ಎಫ್, ಎಚ್... ಹೆಚ್ಚಿನವೆಲ್ಲ ಕೋಲು ಕೋಲು. ಕೀಲು ಅಷ್ಟಾಗಿ ಸುತ್ತಲಿಲ್ಲ. ಮೇಲಾಗಿ, ಅದೂ ಯಾರದೋ ಮಕ್ಕಳು ತಿದ್ದುವ ಅಕ್ಷರವೇ ಅಲ್ಲವೇ, ಅದಕ್ಕೇಕೆ ಈ ಅಗೌರವ ಎಂದು ನಾಚಿಕೆಯಾಗಿ ಬಿಟ್ಟುಬಿಟ್ಟಳು.

ಬಚ್ಚಲಿಗೆ ಹೋದಾಗ ಕಾಲ ಕೆಳಗೆ ಹೊಸ ಮ್ಯಾಟು ಸಿಕ್ಕಿತು. ಅದನ್ನು ಕಂಡರೆ ಅವಳಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಪಾಪದ ಬಚ್ಚಲು! ಅದು ಯಾರನ್ನೂ ಬೀಳಿಸಿರಲಿಲ್ಲ. ಕೌಸರ ಬಿದ್ದದ್ದು ಶಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ, ಮಾಗಡಿಯ ಜನರೆಲ್ಲ ನೋಡುತ್ತಿದ್ದ ಸ್ಟೇಜಿನ ಮೇಲೆ, ಕುಣಿಯುತ್ತ. ಆದರೆ ನಿಜಾಮುದ್ದೀನ ಆಸ್ಪತ್ರೆಯಿಂದಲೇ ತನ್ನ ಕಡೆಯವರಿಗೆಲ್ಲ ಫೋನು ಮಾಡಿ, "ಬಚ್ಚಲದಾಗ ಜಾರಿದ್ಲು" ಎಂದು ಹೇಳಿ ಮುಗಿಸಿದ್ದ. ಆ ಸುಳ್ಳಿಗೆ ಆಧಾರವಿರಲೆಂದೋ ಏನೋ, ಮರುದಿನವೇ ಬ್ಲೀಚಿಂಗ್ ಹಾಕಿ ಬಚ್ಚಲು ತಿಕ್ಕಿಸಿ, ಮ್ಯಾಟು ತಂದು ಹಾಕಿದ. ಕೆಟ್ಟವನಲ್ಲ ಅವನು. ಹೆಂಡತಿಯ ಮಾನ ಕಾಯುತ್ತಿದ್ದೇನೆ ಎಂದೇ ನಂಬಿದ್ದ. ನೋಡಲು ಬಂದವರೆಲ್ಲ, "ಬಚ್ಚಲದಾಗ ಬಿದ್ರಂತಲ್ಲ?" ಎಂದು ಕೇಳಿದಾಗ ಅವಳೂ "ಹೌದ್ರಿ" ಎಂದಳು. ಮೊದಲ ಸಲ ಹೌದೆನ್ನುವಾಗ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಿದ್ದಳು. ಆಮೇಲೆ ರೂಢಿಯಾಯಿತು. ಅತ್ತೆ ಮಾತ್ರ ಏನನ್ನೂ ಕೇಳಲಿಲ್ಲ, ಏನನ್ನೂ ಅನ್ನಲಿಲ್ಲ. ಕಾಲು ತಿಕ್ಕಲು ಯಾರನ್ನೋ ಕರೆಸೋಣ ಎಂದ ಮಗನಿಗೆ, "ಡಾಕ್ಟರು ಬ್ಯಾಡಂದಾರ, ಬ್ಯಾಡ" ಎಂದದ್ದೊಂದೇ ಮಾತು. ಆ ಮೌನದ ಅರ್ಥ ಏನಿರಬಹುದು ಎಂದು ಕೌಸರ ಎಷ್ಟು ತಲೆ ಕೆಡಿಸಿಕೊಂಡರೂ ಬಗೆಹರಿದಿರಲಿಲ್ಲ.

ಶಾಲೆಗೆ ಹೊರಟವಳಿಗೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಂಡಕ್ಟರು, "ಟೀಚರ ಕಾಲಿಗೆ ಜಾಗಾ ಬಿಡ್ರೆಪಾ" ಎಂದು ಕೂಗಿದಾಗ ಎಲ್ಲರೂ ಅವಳ ಕಾಲನ್ನು ನೋಡಿದರು. ಅವಳು ಹೊರಗೆ ನೋಡಿದಳು. ಕಡಲೆ ಕಿತ್ತ ಹೊಲ, ಬಿಸಿಲು ಇನ್ನೂ ಎಳೆಯದು. ಗ್ಯಾದರಿಂಗಿನ ಆ ಸಂಜೆ ಕೋಲಾಟದ ಹುಡುಗಿಯರಲ್ಲಿ ಒಬ್ಬಳಿಗೆ ಜ್ವರ ಬಂದು, ಸಾಲಿನಲ್ಲಿ ಜಾಗ ತೆರವಾಗಿತ್ತು. ಬಿಸಿಯೂಟದ ಅಡುಗೆಯ ಗದಿಗೆವ್ವ ಹಿಂದಿನಿಂದ ನೂಕಿದ್ದಳು: "ನೀವ ಕಲಿಸೀರಿ, ನೀವ ನಿಲ್ರಿ! ಹುಡುಗ್ಯಾರು ಜೋಡಿ ತಪ್ಪತಾರ." ಎಷ್ಟು ವರ್ಷದಿಂದ ಹೆಜ್ಜೆ ಹೇಳಿಕೊಡುತ್ತ ಬಂದಿದ್ದಳು, ಚಪ್ಪಾಳೆ ತಟ್ಟಿ, ಬಾಯಲ್ಲಿ ಹೇಳಿ, ತಾನು ಒಂದು ದಿನವೂ ಇಟ್ಟಿರಲಿಲ್ಲ. ಸ್ಟೇಜೆಂದರೆ ಬೆಂಚು ಜೋಡಿಸಿ ಮೇಲೆ ಜಮಖಾನೆ ಹಾಸಿದ್ದು. ಹತ್ತಿ ನಿಂತಾಗ ಇಳಿದುಬಿಡೋಣ ಅನ್ನಿಸಿತು. ಡೊಳ್ಳು ಬಿತ್ತು ನೋಡಿ, ಅಂಜಿಕೆ ಎಲ್ಲಿ ಹೋಯಿತೋ! ಕೋಲಿಗೆ ಕೋಲು ತಾಗಿದಂತೆಲ್ಲ ಮೈಯೊಳಗಿನ ಒಂದೊಂದು ಗಂಟು ಬಿಚ್ಚಿತು. ಹಾಡು ಮುಗಿಯಿತು. ಹುಡುಗಿಯರು ಕೈ ಮುಗಿದು ಇಳಿದರು. ಆದರೆ ಡೊಳ್ಳು ಮುಗಿದಿರಲಿಲ್ಲ. ಕೌಸರ ಇಳಿಯಲಿಲ್ಲ. ಇದೇ, ಇದೇ ಅವಳನ್ನು ಇಂದಿಗೂ ಸುಡುತ್ತಿದ್ದದ್ದು. ತೆರವಾದ ಜಾಗಕ್ಕೆ ನಿಂತದ್ದು ಸರಿ, ಮಕ್ಕಳಿಗಾಗಿ ಎನ್ನಬಹುದು. ಅವರೆಲ್ಲ ಇಳಿದ ಮೇಲೂ ಒಬ್ಬಳೇ ಇನ್ನೊಂದು ಸುತ್ತು ಕುಣಿದದ್ದು ಯಾರಿಗಾಗಿ? ತನಗಾಗಿ. ಎಂಥ ಸುಖವಿತ್ತು ಆ ಸುತ್ತಿನಲ್ಲಿ, ಯಾ ಅಲ್ಲಾ! ಸುತ್ತಿನ ಕೊನೆಗೆ ಎಡಗಾಲು ಎರಡು ಬೆಂಚಿನ ಸಂದಿಗೆ ಇಳಿಯಿತು. ಜಮಖಾನೆಯ ಒಳಗೆ ಟಕ್ಕೆಂದ ಸಪ್ಪಳ ಅವಳಿಗೊಬ್ಬಳಿಗೇ ಕೇಳಿಸಿತು. ಜನ ಮೊದಲು ನಕ್ಕರು, ಆಮೇಲೆ ಎತ್ತಲು ಓಡಿಬಂದರು.

ಕಾಲು ಇಂದಲ್ಲ ನಾಳೆ ನೆಟ್ಟಗಾದೀತು. ಆದರೆ ಆ ಸುತ್ತು? ಅದು ತಪ್ಪಾಗಿದ್ದರೆ, ಅದಕ್ಕೇ ಶಿಕ್ಷೆಯಾಗಿದ್ದರೆ, ತನ್ನ ಜೀವಮಾನದಲ್ಲಿ ಇನ್ನು ಅಂಥದ್ದು ಇಲ್ಲ. ತಪ್ಪಲ್ಲದಿದ್ದರೆ ಅದನ್ನು ಬಚ್ಚಲಿಗೆ ಹಾಕಿ ನೀರು ಹೊಯ್ದವಳು ತಾನೇ. ಯಾವ ಕಡೆ ತಿರುಗಿದರೂ ಅರ್ಧಕ್ಕೇ ನಿಲ್ಲುತ್ತಿತ್ತು ಮನಸ್ಸು. ಮಾಗಡಿ ಸ್ಟಾಪಿನಲ್ಲಿ ಗದಿಗೆವ್ವ ಕಾಯುತ್ತ ನಿಂತಿದ್ದಳು. ಕಾಲು ಉಳುಕಿದಂದಿನಿಂದ ಅವಳದು ಇದೊಂದು ಹೊಸ ಕೆಲಸ. ತಾನು ನೂಕಿದ್ದರಿಂದಲೇ ಆಯಿತೆಂಬ ಅಳುಕು ಅವಳಿಗಿತ್ತು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಟೀಚರ ಚೀಲವನ್ನು ಕಸಿದುಕೊಂಡು ಮುಂದೆ ಮುಂದೆ ನಡೆಯುತ್ತಿದ್ದಳು.

ಅಂಗಳದಲ್ಲಿ ಪ್ರಾರ್ಥನೆ ಮುಗಿದಿತ್ತು. ಒಂದನೇ ಇಯತ್ತೆಯ ಮಕ್ಕಳನ್ನು ಕೌಸರ ತನ್ನ ಕುರ್ಚಿಯ ಎದುರಿಗೇ ಸೇರಿಸಿಕೊಂಡಳು. ಕಾಲು ಉಳುಕಿದ ಮೇಲೆ ಗೋಡೆಯ ಹಲಗೆಯಲ್ಲೇ ಪಾಠ ನಡೆದಿತ್ತು. ಇವತ್ತು ಮಕ್ಕಳು ಬಿಡಲಿಲ್ಲ. "ಟೀಚರ, ದೊಡ್ಡ ಅಕ್ಷರ! ದೊಡ್ಡ ಅಕ್ಷರ ಹಾಕ್ರಿ!" ಆಗಲಿ ಎಂದು ಗದಿಗೆವ್ವನ ಕೈಗೇ ಸುಣ್ಣದ ಪುಡಿ ಕೊಟ್ಟು, ತಾನು ಕುಳಿತಲ್ಲಿಂದಲೇ ಹೇಳಿ, ಅಂಗಳದ ತುಂಬ ಎತ್ತಿನ ಗಾಡಿಯಷ್ಟು ದೊಡ್ಡದೊಂದು ಅ ಬರೆಸಿದಳು. ಮಕ್ಕಳು ಸಾಲಾಗಿ ಬಂದು, ಸುಣ್ಣದ ಗೆರೆಯ ಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ, ಕೈ ಅಗಲಿಸಿ, ನಾಲಿಗೆ ಕಚ್ಚಿ, ನಡೆಯತೊಡಗಿದವು. ಪುಟ್ಟ ಸುರುಳಿ ಸುತ್ತಿ, ದೊಡ್ಡ ಹೊಟ್ಟೆ ಬಳಸಿ, ಮೇಲಕ್ಕೇರಿ, ಬಾಲದಲ್ಲಿ ಇಳಿದು. ಬರಿಗಾಲು. ಅವಳು ಎಷ್ಟು ವರ್ಷಗಳಿಂದ ಹೀಗೆಯೇ ಕಲಿಸುತ್ತಿದ್ದಳು! ಕೈಗೆ ಬಾರದ ತಿರುವು ಕಾಲಿಗೆ ಮೊದಲು ಬರುತ್ತದೆ ಎಂದು ಹೊಸದಾಗಿ ಬಂದ ಮಾಸ್ತರರಿಗೆ ಹೇಳಿಕೊಡುತ್ತಲೂ ಇದ್ದಳು. ಕೌಸರಳ ಕೈ ತಾನಾಗಿ ಬಾಯಿಗೆ ಹೋಯಿತು. ಅಕ್ಷರದ ಮೇಲೆ ಕಾಲಿಟ್ಟು ನಡೆ ಎಂದು ಹೇಳಿದವಳೂ ತಾನೇ, ಪಾಟಿಗೆ ಕಾಲು ತಗುಲಿದರೆ ಕಣ್ಣಿಗೆ ಒತ್ತಿಕೋ ಎಂದವಳೂ ತಾನೇ. ಎರಡೂ ಖರೆ. ಎರಡೂ ಒಂದೇ ಅಂಗಳದಲ್ಲಿ ಇಷ್ಟು ವರ್ಷ ಜಗಳವಿಲ್ಲದೆ ಇದ್ದವು. ಸಾಲಿನ ಕೊನೆಯ ಹುಡುಗಿ ಬಾಲ ಮುಟ್ಟಿ, ಬಗ್ಗಿ, ಆ ಸುಣ್ಣವನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಓಡಿತು. ಯಾರು ಹೇಳಿಕೊಟ್ಟರು ಅದಕ್ಕೆ ಇದನ್ನು?

ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. "ಕೆರಿ ತನಕ ಹೋಗೂಣು ಬಾ" ಎಂದಳು ಕೌಸರ. ಗದಿಗೆವ್ವ ಅನುಮಾನದಿಂದ ಕಾಲು ನೋಡಿದಳು. "ಏರಿ ಮ್ಯಾಲ ಕಲ್ಲ ಅದಾವ್ರಿ."

"ನೋಡಿ ಇಡ್ತೀನಿ. ಕೈ ಕೊಡು."

ಕೆರೆಯ ತುಂಬ ಬಾತುಗಳು. ಹಿಮಾಲಯದ ಆಚೆಯಿಂದ ಬರುತ್ತವೆ ಎಂದು ಪಾಠದಲ್ಲಿ ಹೇಳಿಕೊಡುತ್ತಿದ್ದಳು, ಅವುಗಳ ಬಿಳಿ ತಲೆಯ ಮೇಲಿನ ಕಪ್ಪು ಪಟ್ಟೆಗಳನ್ನು ಹಲಗೆಯ ಮೇಲೆ ಬರೆದೂ ತೋರಿಸುತ್ತಿದ್ದಳು. ಇಷ್ಟು ಹತ್ತಿರ ಕುಳಿತು ನೋಡಿದ್ದು ಕಡಿಮೆ. ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದು ಬಂದು ಹಗಲು ಇಲ್ಲಿ ವಿಶ್ರಾಂತಿ. ದಂಡೆಯ ಕೆಸರಿನಲ್ಲಿ ನಿಂತವುಗಳಲ್ಲಿ ಎಷ್ಟೋ ಒಂದೇ ಕಾಲಿನ ಮೇಲೆ ನಿಂತಿದ್ದವು. ಇನ್ನೊಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡು, ಕೊಕ್ಕನ್ನು ಬೆನ್ನಿಗೆ ತುರುಕಿ, ನಿದ್ದೆ! ಗೋಡೆಯನ್ನು ಬೆರಳತುದಿಯಿಂದ ಹಿಡಿದು ಒಂದು ಕಾಲಿನ ಮೇಲೆ ನಿಂತರೆ ತನ್ನ ಪಾದ ಎಷ್ಟು ತಡಬಡಿಸುತ್ತದೆ, ಒಳಗಿನ ಸಣ್ಣ ಸಣ್ಣ ನರಗಳೆಲ್ಲ ಹೇಗೆ ಬಿದ್ದೆ ಬಿದ್ದೆ ಎಂದು ಚೀರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನೇ ಈ ಹಕ್ಕಿ ಕಣ್ಣು ಮುಚ್ಚಿಕೊಂಡು ಮಾಡುತ್ತದೆ. ಕಡ್ಡಿಯಂಥ ಆ ಕಾಲು ಇಷ್ಟು ದೂರ ಹಾರಿ ಬಂದ ಮೈಯನ್ನು ಹೊತ್ತು ಅಲುಗಾಡದೆ ನಿಂತಿತ್ತು. ಕೌಸರಳಿಗೆ ಮೈ ಜುಮ್ಮೆಂದಿತು. ತನ್ನ ಕಾಲೂ ಇಷ್ಟು ವರ್ಷ, ನೀರು ಹೊತ್ತಾಗ, ಕೂಸು ಹೊತ್ತಾಗ, ಹಲಗೆಯ ಮುಂದೆ ನಿಂತಾಗ, ಕೇಳದೆ ಹೇಳದೆ ಇದನ್ನೇ ಮಾಡುತ್ತ ಬಂದಿತ್ತಲ್ಲ. ಒಂದು ದಿನವಾದರೂ ಅದರ ಮುಖ ನೋಡಿದ್ದಳೇ? ಸುಬಹಾನಲ್ಲಾ ಎಂದಿತು ಅವಳ ಬಾಯಿ.

"ಇವು ಯಾವ ಡಾಕ್ಟರ ಕಡೆ ಹೋಗಿ ಕಲತಾವ್ರಿ?" ಎಂದಳು ಗದಿಗೆವ್ವ. ಆಮೇಲೆ ಕೆರೆಯ ಕಡೆಗೇ ನೋಡುತ್ತ, "ಟೀಚರ, ನಾ ನಿಮ್ಮನ್ನ ನೂಕಬಾರದಿತ್ತು" ಎಂದಳು.

"ನೀ ನೂಕಿದ್ದು ಒಂದ ಸುತ್ತಿಗೆ," ಎಂದಳು ಕೌಸರ. "ಎರಡನೇದ್ದು ನಾನ ಕುಣದೆ."

"ಅದ ಚಂದಿತ್ತು ನೋಡ್ರಿ! ಮೊದಲನೇದ್ದು ಹುಡುಗ್ಯಾರ ಕಡೆ ನೋಡಿ ನೋಡಿ ಕುಣದ್ರಿ. ಎರಡನೇದ್ದು..." ಗದಿಗೆವ್ವ ಕೈಯನ್ನು ಗಾಳಿಯಲ್ಲಿ ಒಂದು ಸಲ ಬಳಸಿ ತಿರುಗಿಸಿ ತೋರಿಸಿದಳು. "ನಮ್ಮ ಓಣಿಯವ್ರು ಇನ್ನೂ ಅದನ್ನ ಮಾತಾಡತಾರ. ಬಿದ್ದದ್ದಲ್ಲರಿ, ಕುಣದದ್ದು."

ಕೌಸರ ಏರಿಯ ಕಲ್ಲಿನ ಮೇಲೆ ಕುಳಿತಳು. ಚಪ್ಪಲಿ ಬಿಟ್ಟು, ಕೀಲಿಗೆ ಸುತ್ತಿದ ಪಟ್ಟಿ ಬಿಚ್ಚಿ, ಎಡಗಾಲನ್ನು ನೀರಿನ ಕಡೆಗೆ ಚಾಚಿದಳು. ಮೊಣಕಾಲನ್ನು ಎರಡೂ ಕೈಯಿಂದ ಹಿಡಿದಳು, ಅಲುಗಾಡದ ಹಾಗೆ. ಬಿಸ್ಮಿಲ್ಲಾ ಎಂದುಕೊಂಡಳು, ಆಮೇಲೆ ಅದನ್ನು ಕಾಲಿಗಾಗಿ ಹೇಳಿದ್ದು ಸರಿಯೋ ತಪ್ಪೋ ಎಂದು ಅಂಜಿದಳು, ಅಂಜುತ್ತಲೇ ಶುರು ಮಾಡಿದಳು. ಸುರುಳಿ. ಹೆಬ್ಬೆರಳು ಒಳಕ್ಕೆ ಬಾಗಿತು, ಅಲ್ಲಿ ಕಿರಿಗುಟ್ಟಿತು. ಜಗ್ಗಿದಂತಿತ್ತು, ಚುಚ್ಚಲಿಲ್ಲ. ತಡೆದು, ಉಸಿರು ಬಿಟ್ಟು, ಮತ್ತೆ. ಕೆಳಗಿನ ಹೊಟ್ಟೆಗೆ ಪಾದ ತಾನಾಗಿ ಚಾಚಿ, ಹೊರಕ್ಕೆ ಹೊರಳಿ, ಮೇಲಕ್ಕೆ ಎದ್ದಿತು. ಗರಗರ ತಿರುಗಿಸುವಾಗ ಒಮ್ಮೆಯೂ ಹೋಗದಿದ್ದ ಮೂಲೆಗೆ ಹೋಯಿತು. ಬಾಲ ಇಳಿಸಿದಾಗ ಕೌಸರಳ ಕಣ್ಣಲ್ಲಿ ನೀರು ತುಂಬಿತ್ತು, ನೋವಿಗಲ್ಲ. ಈ ತಿರುವು ಅವಳಿಗೆ ಪರಿಚಯದ್ದು! ಕೋಲಾಟದಲ್ಲಿ ಜೋಡಿಯ ಬೆನ್ನು ಬಳಸಿ ಬರುವಾಗ ಪಾದ ಹಿಡಿಯುವ ದಾರಿ ಇದೇ. ಅಂದರೆ ಅವತ್ತು ಆ ಜಮಖಾನೆಯ ಮೇಲೆ ಒಬ್ಬಳೇ ಅವಳು ಏನನ್ನು ಬರೆಯುತ್ತಿದ್ದಳು? ಎದುರಿಗೆ ಯಾವುದೋ ಬಾತು ಬೆದರಿ ಕೂಗಿತು, ಒಂದು ಗುಂಪು ಒಮ್ಮೆಲೇ ರೆಕ್ಕೆ ಬಡಿದು ಎದ್ದು, ಕೆರೆಯ ಮೇಲೆ ಅಗಲವಾಗಿ ಸುತ್ತು ಹಾಕಿ, ಮತ್ತೆ ಇಳಿಯಿತು. ಕೌಸರ ಬಾಯಿ ತೆರೆದು ನೋಡುತ್ತ ಕುಳಿತಳು. ಆಮೇಲೆ ಆ ಬರೆದಳು, ಇ ಬರೆದಳು. ಈ ಬರೆಯುವಾಗ ಕೀಲು ದಣಿದು ನಡುಗಿತು. ಅಲ್ಲಿಗೇ ನಿಲ್ಲಿಸಿದಳು. ಅವಸರವೇನು, ಉಳಿದದ್ದು ನಾಳೆಗಿದೆ. ಬಸ್ಸು ಬಂತೆಂದು ಗದಿಗೆವ್ವ ಎಬ್ಬಿಸಿದಳು.

ಮನೆಗೆ ಬಂದರೆ ಪಡಸಾಲೆಯಲ್ಲಿ ಸೊರಟೂರಿನ ಅಲ್ಮಾಸಬಿ ಕುಳಿತಿದ್ದಳು, ನಿಜಾಮುದ್ದೀನನ ಚಿಕ್ಕಪ್ಪನ ಮಗಳು, ಕಾಲು ನೋಡಿಕೊಂಡು ಹೋಗಲು ಬಂದವಳು. ನಿಜಾಮುದ್ದೀನ ಊಟಕ್ಕೆ ಬಂದವನು ಕೈ ತೊಳೆಯುತ್ತಿದ್ದ. ರಮಜಾನಬಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಸಲಾಮು, ಚಹಾ, ಮಕ್ಕಳ ಸುದ್ದಿ ಆಯಿತು. ಕೌಸರ ಅತ್ತೆಯ ಪಕ್ಕಕ್ಕೇ ಕುಳಿತಳು. ಕೀಲು ಬೆಚ್ಚಗೆ, ಸಡಿಲವಾಗಿ, ಮಾಡಿದ್ದನ್ನು ಇನ್ನೊಂದು ಸಲ ಮಾಡೋಣ ಎನ್ನುವಂತಿತ್ತು. ಮಾತಿನ ನಡುವೆ ಅವಳಿಗೇ ಅರಿವಿಲ್ಲದೆ ಪಾದ ಮೇಲೆದ್ದು ಗಾಳಿಯಲ್ಲಿ ನಿಧಾನವಾಗಿ ಅ ಬರೆಯಿತು.

"ಇವತ್ತು ಬ್ಯಾರೆ ಐತಿ," ಎಂದಳು ರಮಜಾನಬಿ. ಕೌಸರ ಬೆಚ್ಚಿದಳು. ಮುದುಕಿಯ ಕಣ್ಣು ಪಾದದ ಮೇಲೆ ನೆಟ್ಟಿತ್ತು. "ದಿನಾ ಬೀಸೋಕಲ್ಲ ತಿರುವಿದಂಗ ತಿರುವತಿದ್ದಿ. ಇವತ್ತು ಏನೋ ಹಾದಿ ಹಿಡದು ಹೊಂಟೈತಿ. ಏನದು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸುಮ್ಮನೆ ತಿರುಗಿಸುತ್ತಿದ್ದೇನೆ ಎಂದರೆ ಮುಗಿಯುತ್ತಿತ್ತು. "ಅಕ್ಷರ, ಅಮ್ಮಾ," ಎಂದಳು. "ಕಾಲಿಲೆ ಅಕ್ಷರ ಬರಿಬೇಕಂತ. ಡಾಕ್ಟರು ಹೇಳ್ಯಾರ. ನಿಮಗ ಹೆದರಿ ಇಷ್ಟ ದಿನಾ ಬರದಿದ್ದಿಲ್ಲ."

ನಿಜಾಮುದ್ದೀನನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ರಮಜಾನಬಿ ಬಹಳ ಹೊತ್ತು ಸೊಸೆಯ ಪಾದವನ್ನು ನೋಡಿದಳು, ಅದರ ಕೆಳಗಿನ ಗಾಳಿಯನ್ನು ನೋಡಿದಳು, ಅಲ್ಲಿ ಏನಾದರೂ ಉಳಿದಿದೆಯೇ ಎನ್ನುವಂತೆ. "ನೆಲಕ್ಕ ಹತ್ತೂದಿಲ್ಲಲ್ಲ," ಎಂದಳು ಕೊನೆಗೆ. "ಗಾಳಿ ಪಾಕ್ ಇರತೈತಿ, ಹೊಲಸ ಆಗೂದಿಲ್ಲ. ನನ್ನ ಹೆಸರು ಯಾವುದರಿಂದ ಸುರು?"

"ರ ದಿಂದ, ಅಮ್ಮಾ."

"ತೋರಸು."

ಕೌಸರಳ ಪಾದ ಒಂದು ರ ಬರೆಯಿತು, ನೆತ್ತಿಯ ಮೇಲೆ ತಲೆಕಟ್ಟು ಸಮೇತ. ರಮಜಾನಬಿ ಸೀರೆಯನ್ನು ಒಂದಿಷ್ಟು ಮೇಲೆತ್ತಿದಳು. ಬಿರುಕು ಬಿಟ್ಟ ಹಿಮ್ಮಡಿ, ಬೆಳ್ಳಿಯ ಕಾಲುಂಗುರ ಸವೆದು ಗೆರೆ ಬಿದ್ದ ಬೆರಳು. ಅದು ಮೇಲೆದ್ದಿತು, ತಡವರಿಸಿತು, ದುಂಡಗೆ ಸುತ್ತಿತು. ಎಪ್ಪತ್ತು ದಾಟಿದ ಆ ಜೀವ ತನ್ನ ಹೆಸರಿನ ಮೊದಲ ಅಕ್ಷರವನ್ನು ಬರೆಯುತ್ತಿತ್ತು, ಮೊದಲ ಸಲ, ಬರೆದೊಡನೆ ಅಳಿಸಿ ಹೋಗುವ ಹಾಗೆ. ಕೌಸರ ಎಷ್ಟೋ ಮಕ್ಕಳ ಮೊದಲ ಅಕ್ಷರ ಕಂಡವಳು. ಇಂಥದ್ದನ್ನು ಕಂಡಿರಲಿಲ್ಲ. ಉಸಿರಾಡಿದರೆ ಎಲ್ಲಿ ಅದು ಒಡೆದೀತೋ ಎಂದು ಉಸಿರು ಹಿಡಿದು ನೋಡಿದಳು.

ಏನೊಂದೂ ತಿಳಿಯದ ಅಲ್ಮಾಸಬಿ ಮಾತು ತೇಲಿಸಲೆಂದು, "ಅಲ್ಲ ಭಾಬಿ, ಆ ಬಚ್ಚಲಕ್ಕ ನುಣ್ಣನ ಫರಸಿ ಯಾಕ ಹಾಕಸಿದ್ರಿ? ಜಾರಲಾರದ ಏನ ಮಾಡತೈತಿ?" ಎಂದಳು.

ನಿಜಾಮುದ್ದೀನ ಟವೆಲಿಗೆ ಕೈ ಹಾಕಿದ. ಕೌಸರ ಅತ್ತೆಯ ಪಾದದಿಂದ ಕಣ್ಣು ಕೀಳದೆಯೇ ಹೇಳಿದಳು: "ಬಚ್ಚಲದಾಗ ಅಲ್ಲ, ಅಲ್ಮಾಸ. ಸಾಲಿ ಗ್ಯಾದರಿಂಗನ್ಯಾಗ. ಕುಣಿಯಾಕತ್ತಿದ್ದೆ. ಬಾಳ ಚಲೋ ಕುಣಿಯಾಕತ್ತಿದ್ದೆ."

ಹೇಳಿ, ಕಾದಳು. ಪಕ್ಕದ ಪಾದ ಈಗ ನಿಲ್ಲುತ್ತದೆ, ಸೀರೆ ಕೆಳಗಿಳಿಯುತ್ತದೆ, ಮುದುಕಿ ಎದ್ದು ಒಳಗೆ ಹೋಗುತ್ತಾಳೆ ಎಂದು ಕಾದಳು. ರಮಜಾನಬಿಯ ಪಾದ ನಿಲ್ಲಲಿಲ್ಲ. ಅದು ರ ಮುಗಿಸಿ, ಗಾಳಿಯಲ್ಲಿ ಹಾಗೇ ತಡೆದು ನಿಂತು, ನಡುಗುತ್ತಿತ್ತು.

"ಗೊತ್ತೈತಿ," ಎಂದಳು ರಮಜಾನಬಿ. "ಮುಂದಿಂದು ಯಾವುದವಾ? ಜಲ್ದಿ ಹೇಳು, ಕಾಲು ಸೋಲಾಕತ್ತೈತಿ."